ಒಂಬತ್ತು ದೊಡ್ಡದೋ, ಹತ್ತು ದೊಡ್ಡದೋ?

ಪ್ರಶ್ನೆಯನ್ನು ಓದಿ ವಾಚಕರು ನಗಬಹುದು. ಒಂದನೆಯ ಇಯತ್ತೆಯ ಮಗುವೂ ಉತ್ತರಿಸಬಲ್ಲ ಪ್ರಶ್ನೆ ಇದು. ಆದರೆ ಇದೇ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟು, ಒಬ್ಬ ಹಿರಿಯ ತಾಯಿಯ ಮನಸ್ಸನ್ನು ನೋಯಿಸಿದವನು ನಾನು. ಇಪ್ಪತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತಗಳಿಗೆ ಸಂಖ್ಯೆ ಹಾಕಿ, ಅವುಗಳನ್ನು ಕ್ರಮವಾಗಿ ಜೋಡಿಸಿಟ್ಟ ಗುಮಾಸ್ತನೊಬ್ಬ ಇಂಥ ತಪ್ಪು ಮಾಡಿದ್ದು ಹೇಗೆ ಎಂಬುದನ್ನು ಹೇಳಿಬಿಟ್ಟರೆ, ಈ ಲೇಖನದ ವಿಷಯ ತಾನಾಗಿಯೇ ತೆರೆದುಕೊಳ್ಳುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಉಪನಗರಗಳ ಕಡೆಯ ಒಂದು ಕನ್ನಡ ಸಂಘ ರಾಜ್ಯೋತ್ಸವ ವಿಶೇಷಾಂಕವನ್ನು ಹೊರತರುವುದಿತ್ತು. ಪ್ರೂಫು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ವರ್ಷ ತೀರಿಕೊಂಡಿದ್ದ ಹಿರಿಯ ಸದಸ್ಯರೊಬ್ಬರಿಗೆ ಅದರಲ್ಲಿ ಒಂದು ನುಡಿನಮನವಿತ್ತು. ಭಾನುವಾರಗಳಂದು ಚಾಳುಚಾಳುಗಳಿಗೆ ಹೋಗಿ, ಮಕ್ಕಳನ್ನು ಕರೆತಂದು ಕನ್ನಡ ಅಕ್ಷರ ಕಲಿಸಿದ ಮಹನೀಯರು ಅವರು. ಅವರ ಹೆಸರನ್ನು ಇಲ್ಲಿಯ ಒಂದು ಕಾಗದಪತ್ರದಿಂದ ಎತ್ತಿಕೊಳ್ಳಲಾಗಿತ್ತು. ಮಹಾರಾಷ್ಟ್ರದ ಕಾಗದಪತ್ರಗಳಲ್ಲಿ ಸಾಮಾನ್ಯವಾಗಿ ಮೊದಲು ಅಡ್ಡಹೆಸರು, ಬಳಿಕ ಸ್ವಂತ ಹೆಸರು, ಕೊನೆಗೆ ತಂದೆಯ ಹೆಸರು. ನಮ್ಮ ಕಡೆ ಬಹಳ ಜನರಲ್ಲಿ ಊರು ಮೊದಲು, ತಂದೆ ಆಮೇಲೆ, ಸ್ವಂತ ಹೆಸರು ಕೊನೆಗೆ. ಅಕ್ಷರ ಜೋಡಿಸಿದವರು ಕೊನೆಯದನ್ನೇ ಸ್ವಂತ ಹೆಸರೆಂದು ತಿಳಿದರು. ಹೀಗಾಗಿ ನುಡಿನಮನ ಮಗನ ಬದಲು ತಂದೆಗೆ ಸಂದುಹೋಗಿತ್ತು.

ಆ ಮಹನೀಯರ ಪತ್ನಿ, ಎಂಬತ್ತು ದಾಟಿದವರು, ಒಂಬತ್ತನೆಯ ಪ್ರೂಫಿನಲ್ಲಿ ಇದನ್ನು ಕಂಡು ಮೊಮ್ಮಗನ ಕೈಯಲ್ಲಿ ಚೀಟಿ ಕಳಿಸಿದ್ದರು. ನಾನು ತಿದ್ದಿದೆ. ಅದು ಹತ್ತನೆಯ ಪ್ರೂಫು. ಗಣಕಯಂತ್ರದಲ್ಲಿ 'ವಿಶೇಷಾಂಕ-1'ರಿಂದ 'ವಿಶೇಷಾಂಕ-10'ರವರೆಗೆ ಹತ್ತು ಪ್ರತಿಗಳೂ ಇದ್ದವು. ರಾತ್ರಿ ಮುದ್ರಣಾಲಯಕ್ಕೆ ಕಳಿಸುವಾಗ ಪಟ್ಟಿಯ ತೀರ ಕೆಳಗಿದ್ದುದನ್ನು ಆರಿಸಿ ಕಳಿಸಿ, ನೆಮ್ಮದಿಯಿಂದ ಮಲಗಿದೆ. ಪಟ್ಟಿಯಲ್ಲಿ ಕ್ರಮ ಹೀಗಿತ್ತು: 1, 10, 2, 3, 4, 5, 6, 7, 8, 9. ನಾನು ಕಳಿಸಿದ್ದು ಒಂಬತ್ತನ್ನು.

ಬಿಡುಗಡೆಯ ದಿನ ಆ ತಾಯಿ ಪುಟ ತೆರೆದು ಬೆರಳಿಟ್ಟು ನೋಡಿದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹಳೆಯ ಕಾಲದವರು. "ತಮ್ಮಾ, ಇದು ನಮ್ಮ ಮಾವನವರ ಹೆಸರಲ್ಲಾ? ಇವರದು ಎಲ್ಲೈತಿ?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಪ್ರತಿಗಳೆಲ್ಲ ಹಂಚಿಹೋಗಿದ್ದವು.

ಐರೋಲಿಯ ಒಂದು ಕಂಪನಿಯಲ್ಲಿ ತಂತ್ರಾಂಶದ ಕೆಲಸ ಮಾಡುವ ನನ್ನ ಅಕ್ಕನ ಮಗನಿಗೆ ಇದನ್ನು ಹೇಳಿಕೊಂಡಾಗ ಆತ ನಗಲಿಲ್ಲ. "ಮಾಮಾ, ನೀವು ಮಾಡಿದ್ದು ಎರಡು ತಪ್ಪು. ಒಂದು, ಹೆಸರನ್ನು ಬಿಡಿಸಿ ಓದಿದ್ದರಲ್ಲಿ. ಇನ್ನೊಂದು, ಸಂಖ್ಯೆಯನ್ನು ಹೋಲಿಸಿದ್ದರಲ್ಲಿ. ನಮ್ಮ ಕಸುಬಿನಲ್ಲಿ ಈ ಎರಡು ತಪ್ಪುಗಳಿಗೇ ಒಂದು ದೊಡ್ಡ ಇತಿಹಾಸವಿದೆ" ಎಂದ. ಆ ಇತಿಹಾಸವನ್ನು ನಾನು ಲೋಕಲ್ ಗಾಡಿಯಲ್ಲಿ ಹೋಗುತ್ತ ಬರುತ್ತ ಓದಿಕೊಂಡೆ. ನಮ್ಮ ಶಾಸನಗಳೂ ನಮ್ಮ ಊರುಗಳ ಹೆಸರುಗಳೂ ಅದರೊಂದಿಗೆ ಇಷ್ಟು ಹೊಂದಿಕೊಂಡಾವು ಎಂದು ನಾನು ಎಣಿಸಿರಲಿಲ್ಲ.

ಉಗ್ರಾಣ ಮತ್ತು ಚೀಟಿ

ಇಂದಿನ ತಂತ್ರಾಂಶವನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಬರೆಯುವುದಿಲ್ಲ. ಒಬ್ಬರು ಬರೆದ ಭಾಗವನ್ನು ಇನ್ನೊಬ್ಬರು ಬಳಸುತ್ತಾರೆ. ಆ ಭಾಗ ಮತ್ತೊಂದನ್ನು ನೆಚ್ಚಿರುತ್ತದೆ. ಇಂಥ ಒಂದೊಂದು ಭಾಗವನ್ನು ಕಟ್ಟಿ, ಹೆಸರು ಮತ್ತು ಆವೃತ್ತಿಯ ಸಂಖ್ಯೆ ಬರೆದಿಟ್ಟರೆ ಅದೇ ಪ್ಯಾಕೇಜು. ಬೇಕಾದ ಪ್ಯಾಕೇಜುಗಳನ್ನು ಹುಡುಕಿ ತಂದು ಜೋಡಿಸುವ ತಂತ್ರಾಂಶವನ್ನು ಪ್ಯಾಕೇಜ್ ಮ್ಯಾನೇಜರ್ ಎನ್ನುತ್ತಾರೆ. ನಾನು ಅದನ್ನು ಉಗ್ರಾಣಿಕನೆಂದು ಕರೆಯುತ್ತೇನೆ. ಮದುವೆಮನೆಯ ಉಗ್ರಾಣಿಕನಿಗೆ ಅಡಿಗೆಯವರು ಚೀಟಿ ಕಳಿಸುತ್ತಾರಷ್ಟೆ: 'ಅಕ್ಕಿ, ಹಳೆಯದು, ಹತ್ತು ಸೇರಿಗೆ ಕಡಿಮೆ ಬೇಡ' ಎಂದು. ಇದರಲ್ಲಿ ಅಕ್ಕಿ ಎಂಬುದು ಹೆಸರು, ಉಳಿದದ್ದು ಷರತ್ತು. ಎಲ್ಲಿ ಹೆಸರು ಮುಗಿಯಿತು, ಎಲ್ಲಿ ಷರತ್ತು ತೊಡಗಿತು ಎಂದು ತಿಳಿಯುವುದೇ ಉಗ್ರಾಣಿಕನ ಮೊದಲ ಕೆಲಸ.

ಈ ಕೆಲಸ ನಮಗೆ ಹೊಸದಲ್ಲ. ಹಳಗನ್ನಡ ಪದ್ಯವನ್ನು ಓದಿಸುವಾಗ ಮೇಷ್ಟರು ಮೊದಲು ಪದಚ್ಛೇದ ಮಾಡಿಸುತ್ತಿದ್ದರು. ಸಂಧಿಯಲ್ಲಿ ಬೆಸೆದುಕೊಂಡ ಮಾತನ್ನು ತಪ್ಪು ಕಡೆ ಒಡೆದರೆ ಅರ್ಥವೆಲ್ಲ ಕೆಡುತ್ತದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ರಚಿಸುವಾಗ ಸಂಧಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಗಣಕಯಂತ್ರದ ಉಗ್ರಾಣಿಕನಿಗೂ ಇಂಥದೊಂದು ವ್ಯಾಕರಣ ಬೇಕಾಯಿತು.

1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ ಲಿನಕ್ಸನ್ನು ಕಟ್ಟುಕಟ್ಟಾಗಿ ಹಂಚುವ ಯೋಜನೆಯೊಂದನ್ನು ಸಾರಿದನು. ತನ್ನ ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರನ್ನು ಸೇರಿಸಿ ಡೆಬಿಯನ್ ಎಂದು ಕರೆದನು. ಅದರ ನಿಯಮ ಬಹಳ ಕಟ್ಟುನಿಟ್ಟು. ಪ್ಯಾಕೇಜಿನ ಹೆಸರಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳು, ಅಂಕಿಗಳು, ಕೂಡಿಸುವ ಚಿಹ್ನೆ, ಅಡ್ಡಗೆರೆ ಮತ್ತು ಚುಕ್ಕೆ, ಇಷ್ಟೇ ಇರಬೇಕು. ಮೊದಲನೆಯದು ಅಕ್ಷರ ಅಥವಾ ಅಂಕಿಯಾಗಿರಬೇಕು. ಕೆಳಗೆರೆಗೆ ಅಲ್ಲಿ ಪ್ರವೇಶವಿಲ್ಲ. ಯಾಕೆಂದರೆ ಕಡತದ ಹೆಸರಿನಲ್ಲಿ ಪ್ಯಾಕೇಜಿನ ಹೆಸರು, ಆವೃತ್ತಿ, ಯಂತ್ರದ ಜಾತಿ ಈ ಮೂರನ್ನು ಬೇರ್ಪಡಿಸುವ ಗೋಡೆಯೇ ಕೆಳಗೆರೆ. ಗೋಡೆಯ ಕಲ್ಲನ್ನು ಮನೆಯೊಳಗಿನ ಒಲೆಗೆ ಬಳಸಬಾರದು ಎಂಬ ನಿಯಮವಿದು. ನೆಲೆ ಬೇರೆಯಾದರೂ ವಿವೇಕ ಒಂದೇ.

ರೆಡ್ ಹ್ಯಾಟ್ ಎಂಬ ಇನ್ನೊಂದು ಸಂಸ್ಥೆಯವರು 1995ರಲ್ಲಿ ತಂದ ಆರ್.ಪಿ.ಎಂ. ಪದ್ಧತಿಯಲ್ಲಿ ಗೋಡೆಯಾಗಿ ಬಂದದ್ದು ಅಡ್ಡಗೆರೆ. ಆದರೆ ಹೆಸರಿನೊಳಗೂ ಅಡ್ಡಗೆರೆ ಬರಬಹುದು! 'ಗುಬ್ಬಿ' ಎಂಬುದು ನಮ್ಮದೇ ಒಂದು ಮುಕ್ತ ಕನ್ನಡ ಅಕ್ಷರವಿನ್ಯಾಸ. ಅದರ ಕಟ್ಟನ್ನು 'ಗುಬ್ಬಿ-ಫಾಂಟ್ಸ್-1.3-5' ಎಂದು ಬರೆದಿದೆ ಎಂದಿಟ್ಟುಕೊಳ್ಳಿ. ಎಡದಿಂದ ಓದುತ್ತ ಬಂದರೆ ಮೊದಲ ಗೆರೆಯಲ್ಲಿ ಹೆಸರು ಮುಗಿಯಿತೇ, ಎರಡನೆಯದರಲ್ಲಿಯೇ? ಹೇಳಲಾಗದು. ಅದಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ ಬಲದಿಂದ ಓದುವುದು. ಆವೃತ್ತಿಯಲ್ಲಿಯೂ ಬಿಡುಗಡೆಯ ಸಂಖ್ಯೆಯಲ್ಲಿಯೂ ಅಡ್ಡಗೆರೆ ಕೂಡದೆಂದು ನಿಯಮ ಮಾಡಿದರು. ಬಲಗಡೆಯ ಮೊದಲ ಗೆರೆಯ ಆಚೆ ಬಿಡುಗಡೆ 5, ಎರಡನೆಯ ಗೆರೆಯ ಆಚೆ ಆವೃತ್ತಿ 1.3, ಉಳಿದದ್ದೆಲ್ಲ ಹೆಸರು.

ಇದನ್ನು ಓದಿದ ದಿನ ನನಗೆ ಆ ನುಡಿನಮನ ನೆನಪಾಯಿತು. ನಮ್ಮ ಹೆಸರನ್ನು ಬಲದಿಂದ ಓದಬೇಕು, ಇಲ್ಲಿಯವರ ಹೆಸರನ್ನು ಎಡದಿಂದ ಓದಬೇಕು. ಯಾವ ಕಡೆಯಿಂದ ಓದಬೇಕೆಂಬುದು ಹೆಸರಿನೊಳಗೆ ಬರೆದಿರುವುದಿಲ್ಲ. ಅದು ಹೊರಗಿನ ನಿಯಮ, ನಾಡಿನ ರೂಢಿ. ನಾಡು ಬದಲಾಯಿಸಿದವರು ನಿಯಮವನ್ನೂ ಜತೆಗೆ ಒಯ್ಯದಿದ್ದರೆ ಮಗ ತಂದೆಯಾಗುತ್ತಾನೆ. ನಮ್ಮ ಮಕ್ಕಳ ಶಾಲಾ ದಾಖಲೆ, ಪಾಸ್‌ಪೋರ್ಟು, ಆಧಾರ್ ಚೀಟಿಗಳಲ್ಲಿ ಮೂರು ಬಗೆಯ ಹೆಸರುಗಳಿರುವ ಮನೆಗಳು ಡೊಂಬಿವಲಿಯಲ್ಲಿ ಎಷ್ಟಿಲ್ಲ!

ಎರಡು ಕಲ್ಯಾಣಗಳು

ಹೆಸರನ್ನು ಸರಿಯಾಗಿ ಬಿಡಿಸಿದ ಮಾತ್ರಕ್ಕೆ ತೊಂದರೆ ತೀರಲಿಲ್ಲ. ಒಂದೇ ಹೆಸರಿನವರು ಇಬ್ಬರಿದ್ದರೆ?

ನಮ್ಮ ಕಲ್ಯಾಣವನ್ನೇ ನೋಡಿ. ಇದು ಅತಿ ಪ್ರಾಚೀನವಾದ ವ್ಯಾಪಾರದ ಪಟ್ಟಣ. ಕನ್ಹೇರಿಯ ಗುಹೆಗಳ ಬ್ರಾಹ್ಮೀ ಶಾಸನಗಳಲ್ಲಿ ದಾನ ಕೊಟ್ಟ ಕಲ್ಯಾಣದ ನಿವಾಸಿಗಳ ಉಲ್ಲೇಖವಿದೆ. ಆದರೆ ಕನ್ನಡಿಗನಿಗೆ ಕಲ್ಯಾಣವೆಂದೊಡನೆ ನೆನಪಾಗುವುದು ಬೀದರ ಜಿಲ್ಲೆಯ ಕಲ್ಯಾಣ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರನು ರಾಜಧಾನಿ ಮಾಡಿಕೊಂಡ, ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ನೆಲೆಸಿದ ಕಲ್ಯಾಣ. 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಅದು ಬಸವಕಲ್ಯಾಣವಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಊರಿನಿಂದ ಬಂದ ನಮ್ಮ ಹಿರಿಯರಿಗೆ 'ಮಗ ಕಲ್ಯಾಣದಲ್ಲಿದ್ದಾನೆ' ಎಂದರೆ, 'ಯಾವ ಕಲ್ಯಾಣ?' ಎಂಬ ಪ್ರಶ್ನೆ ಬಂದೇ ಬರುತ್ತದೆ.

ಪ್ರಾಚೀನರು ಈ ತೊಂದರೆಗೆ ಹೆಸರಿನ ಹಿಂದೆ ಮೂಲಸ್ಥಾನವನ್ನು ಸೇರಿಸುತ್ತಿದ್ದರು. ಠಾಣೆಯನ್ನು ಶ್ರೀಸ್ಥಾನಕವೆಂಬ ಹೆಸರಿನಿಂದ ಆಳಿದ ಶಿಲಾಹಾರರು ತಮ್ಮನ್ನು 'ತಗರಪುರವರಾಧೀಶ್ವರ'ರೆಂದು ಕರೆದುಕೊಂಡರು. ತಗರವೆಂದರೆ ಈಗಿನ ಧಾರಾಶಿವ ಜಿಲ್ಲೆಯ ತೇರ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕೊಂಕಣಕ್ಕೆ ಬಂದು ಎಷ್ಟೋ ತಲೆಮಾರು ಕಳೆದರೂ ಮೂಲದ ಊರನ್ನು ಹೆಸರಿನ ಮುಂದೆ ಹೊತ್ತುಕೊಂಡೇ ಇದ್ದರು. ನಮ್ಮ ಇನಿಷಿಯಲ್ಲಿನ ಮೊದಲ ಅಕ್ಷರ ಮಾಡುವುದು ಇದೇ ಕೆಲಸವನ್ನು ತಾನೇ?

ತಂತ್ರಾಂಶ ಲೋಕದಲ್ಲಿ ಈ ಎಚ್ಚರ ತಪ್ಪಿದ್ದರಿಂದ ಆದ ಎರಡು ಪ್ರಸಂಗಗಳನ್ನು ಹೇಳಬೇಕು. 2016ರ ಮಾರ್ಚ್ 22ರಂದು ಅಜೆರ್ ಕೊಚುಲು ಎಂಬ ಪ್ರೋಗ್ರಾಮರನು ಎನ್.ಪಿ.ಎಂ. ಎಂಬ ಸಾರ್ವಜನಿಕ ಉಗ್ರಾಣದಿಂದ ತನ್ನ ಇನ್ನೂರೈವತ್ತಕ್ಕೂ ಹೆಚ್ಚು ಪ್ಯಾಕೇಜುಗಳನ್ನು ತೆಗೆದುಹಾಕಿದನು. ಜಗಳ ಹುಟ್ಟಿದ್ದು ಒಂದು ಹೆಸರಿಗಾಗಿ: 'ಕಿಕ್' ಎಂಬ ಹೆಸರು ಅವನದೋ, ಅದೇ ಹೆಸರಿನ ಕಂಪನಿಯದೋ ಎಂದು. ಉಗ್ರಾಣದವರು ಕಂಪನಿಯ ಪರವಾಗಿ ತೀರ್ಪಿತ್ತರು. ಅವನು ತೆಗೆದುಹಾಕಿದವುಗಳಲ್ಲಿ 'ಲೆಫ್ಟ್-ಪ್ಯಾಡ್' ಎಂಬ ಹನ್ನೊಂದು ಸಾಲಿನ ಸಣ್ಣ ತುಣುಕೊಂದಿತ್ತು. ಜಗತ್ತಿನ ಸಹಸ್ರಾರು ತಂತ್ರಾಂಶಗಳು ಒಂದರ ಮೂಲಕ ಒಂದು ಅದನ್ನೇ ನೆಚ್ಚಿಕೊಂಡಿದ್ದುದರಿಂದ ಅವುಗಳ ಜೋಡಣೆ ನಿಂತುಹೋಯಿತು. ಕೊನೆಗೆ ಉಗ್ರಾಣದವರೇ ಅದನ್ನು ಮರಳಿ ಇರಿಸಬೇಕಾಯಿತು.

ಎರಡನೆಯದು ನಮ್ಮ ಎರಡು ಕಲ್ಯಾಣಗಳ ಕಥೆಯೇ. 2021ರ ಫೆಬ್ರವರಿಯಲ್ಲಿ ಅಲೆಕ್ಸ್ ಬಿರ್ಸಾನ್ ಎಂಬ ಸಂಶೋಧಕನು ಒಂದು ವಿಷಯವನ್ನು ಬಯಲು ಮಾಡಿದನು. ದೊಡ್ಡ ಕಂಪನಿಗಳು ತಮ್ಮ ಒಳ ಉಗ್ರಾಣದಲ್ಲಿ ತಮ್ಮದೇ ಹೆಸರಿನ ಪ್ಯಾಕೇಜುಗಳನ್ನು ಇಟ್ಟುಕೊಂಡಿರುತ್ತವೆ. ಆ ಹೆಸರುಗಳನ್ನು ಪತ್ತೆಹಚ್ಚಿ, ಅದೇ ಹೆಸರಿನ ಪ್ಯಾಕೇಜನ್ನು ಅವನು ಸಾರ್ವಜನಿಕ ಉಗ್ರಾಣದಲ್ಲಿ ಇಟ್ಟನು, ಆದರೆ ಆವೃತ್ತಿಯ ಸಂಖ್ಯೆಯನ್ನು ಬಹಳ ದೊಡ್ಡದಾಗಿ ಬರೆದು. ಉಗ್ರಾಣಿಕ ನೋಡಿದ್ದು ಹೆಸರು ಒಂದೇ ಎಂಬುದನ್ನು. ಆರಿಸಿದ್ದು ದೊಡ್ಡ ಸಂಖ್ಯೆಯನ್ನು. ಹೀಗೆ ಮೂವತ್ತೈದಕ್ಕೂ ಹೆಚ್ಚು ಸಂಸ್ಥೆಗಳ ಒಳಕೋಣೆಗೆ ಅವನ ಪೊಟ್ಟಣ ಹೋಗಿ ಕುಳಿತಿತು. ಅವನು ಹಾನಿ ಮಾಡದೆ ಎಚ್ಚರಿಸಿ ಬಹುಮಾನ ಪಡೆದನು. ಕಳ್ಳನಾಗಿದ್ದರೆ ಏನಾಗುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ. 'ಯಾವ ಕಲ್ಯಾಣ?' ಎಂದು ಉಗ್ರಾಣಿಕ ಕೇಳಲಿಲ್ಲ. ಅಷ್ಟೇ ಅವನ ತಪ್ಪು.

ಹೆಸರು ಹೋಲುವುದರಲ್ಲಿಯೂ ಮೋಸವಿದೆ. ಒಬ್ಬರು ಅಡ್ಡಗೆರೆ ಹಾಕುತ್ತಾರೆ, ಒಬ್ಬರು ಕೆಳಗೆರೆ, ಮತ್ತೊಬ್ಬರು ಚುಕ್ಕೆ. ಪೈಥಾನ್ ಭಾಷೆಯವರು 2015ರ ಒಂದು ನಿಯಮದಿಂದ ಇವೆಲ್ಲ ಒಂದೇ, ದೊಡ್ಡಕ್ಷರ ಸಣ್ಣಕ್ಷರಗಳೂ ಒಂದೇ ಎಂದು ತೀರ್ಮಾನಿಸಿದರು. ನಮ್ಮಲ್ಲಿ ದೊಂಬಿವಲಿ, ಡೊಂಬಿವಿಲಿ, ಡೊಂಬಿವಲಿ ಎಂದು ಹೇಗೆ ಬರೆದರೂ ಅಂಚೆಯವನು ತಲುಪಿಸುತ್ತಾನಲ್ಲ, ಹಾಗೆ.

ಆಣೆ ಪೈಗಳ ಲೆಕ್ಕ

ಇನ್ನು ಸಂಖ್ಯೆಯ ವಿಚಾರ. ಗಣಕಯಂತ್ರ 10ನ್ನು ಒಂಬತ್ತಕ್ಕಿಂತ ಮೊದಲು ಇಟ್ಟದ್ದೇಕೆ? ಅದು ಸಂಖ್ಯೆಯನ್ನು ಸಂಖ್ಯೆಯಾಗಿ ನೋಡದೆ ಅಕ್ಷರಗಳ ಸಾಲಾಗಿ ನೋಡಿತು. ನಿಘಂಟಿನಲ್ಲಿ 'ಅರಸು' ಎಂಬುದು 'ಆ'ಗಿಂತ ಮೊದಲು ಬರುತ್ತದೆ, ಉದ್ದವನ್ನು ಯಾರೂ ನೋಡುವುದಿಲ್ಲ. ಹಾಗೆಯೇ 1 ಎಂಬ ಅಂಕಿಯಿಂದ ತೊಡಗಿದ 10, 9ಕ್ಕಿಂತ ಮೊದಲು ಬಂದಿತು.

ತಂತ್ರಾಂಶದ ಆವೃತ್ತಿಯಲ್ಲಿ ಇನ್ನೊಂದು ತೊಡಕಿದೆ. 1.9ರ ನಂತರ 1.10 ಬರುತ್ತದೆ. ದಶಮಾಂಶ ಕಲಿತ ನಮಗೆ 1.10 ಎಂದರೆ 1.1, ಅದು 1.9ಕ್ಕಿಂತ ಚಿಕ್ಕದು. ಆದರೆ ಇಲ್ಲಿಯ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. 1957ರ ಏಪ್ರಿಲ್ 1ಕ್ಕಿಂತ ಹಿಂದೆ ನಮ್ಮಲ್ಲಿ ರೂಪಾಯಿ-ಆಣೆ-ಪೈ ಇತ್ತಲ್ಲ, ಅದು ಇಲ್ಲಿ ಸಹಾಯಕ್ಕೆ ಬರುತ್ತದೆ. 1-9-0 ಎಂದರೆ ಒಂದು ರೂಪಾಯಿ ಒಂಬತ್ತು ಆಣೆ. 1-10-0 ಎಂದರೆ ಒಂದು ರೂಪಾಯಿ ಹತ್ತು ಆಣೆ. ಯಾವುದು ಹೆಚ್ಚೆಂದು ನಮ್ಮ ಅಜ್ಜಿಯಂದಿರು ನಿದ್ದೆಯಲ್ಲಿಯೂ ಹೇಳುತ್ತಿದ್ದರು. ಆವೃತ್ತಿಯ ಸಂಖ್ಯೆ ಆಣೆ ಪೈಗಳ ಜಾತಿಯದು. ಹದಿನಾರಕ್ಕೆ ಉರುಳುವ ಮಿತಿಯೊಂದು ಮಾತ್ರ ಅದಕ್ಕಿಲ್ಲ. 2021ರ ಅಕ್ಟೋಬರಿನಲ್ಲಿ ಪೈಥಾನ್ 3.10 ಹೊರಬಂದಾಗ ಎಷ್ಟೋ ಕಡೆ ಅದನ್ನು ದಶಮಾಂಶವೆಂದು ಓದಿದ ತಂತ್ರಾಂಶಗಳು 3.1 ಎಂಬ ಹಳೆಯ ಆವೃತ್ತಿಯನ್ನು ಹುಡುಕಹೊರಟವು. ನನ್ನಂಥ ಗುಮಾಸ್ತ ಎಡವಿದಲ್ಲಿ ಪಂಡಿತರೂ ಎಡವಿದ್ದಾರೆಂದು ತಿಳಿದು ತುಸು ಸಮಾಧಾನವಾಯಿತು.

ಆವೃತ್ತಿಗೆ ಅಂಕಿ ಹಾಕುವ ಪದ್ಧತಿ ಪುಸ್ತಕ ಲೋಕದಿಂದ ಬಂದದ್ದು. ರೆವರೆಂಡ್ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂದಿತು. ಪ್ರೊ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ವಿಸ್ತರಿಸಿದ ನಾಲ್ಕು ಸಂಪುಟಗಳನ್ನು ಮದ್ರಾಸ್ ವಿಶ್ವವಿದ್ಯಾಲಯ 1968ರಿಂದ 1971ರ ಅವಧಿಯಲ್ಲಿ ಪ್ರಕಟಿಸಿತು. ಮರುಮುದ್ರಣ ಬೇರೆ, ಪರಿಷ್ಕೃತ ಆವೃತ್ತಿ ಬೇರೆ ಎಂಬುದು ನಮಗೆ ಗೊತ್ತು. ಮರುಮುದ್ರಣದಲ್ಲಿ ಪುಟಸಂಖ್ಯೆ ಬದಲಾಗದು. ಪರಿಷ್ಕೃತದಲ್ಲಿ ಹಳೆಯ ಪುಟಸಂಖ್ಯೆಯನ್ನು ನೆಚ್ಚಿದವನು ಕೆಡುತ್ತಾನೆ. ಟಾಮ್ ಪ್ರೆಸ್ಟನ್-ವರ್ನರ್ ಎಂಬವರು ರೂಪಿಸಿದ, ಈಗ ಬಹಳ ಕಡೆ ಒಪ್ಪಿಕೊಂಡಿರುವ ಮೂರು ಅಂಕಿಗಳ ಪದ್ಧತಿಯ ತಿರುಳೂ ಇದೇ. ಕೊನೆಯ ಅಂಕಿ ಏರಿದರೆ ತಪ್ಪು ತಿದ್ದಿದೆ. ನಡುವಿನದು ಏರಿದರೆ ಹೊಸತು ಸೇರಿದೆ, ಹಳೆಯದು ಹಾಗೆಯೇ ಇದೆ. ಮೊದಲಿನದು ಏರಿದರೆ ಹಳೆಯದನ್ನು ನೆಚ್ಚಿದವರು ಎಚ್ಚರವಾಗಿರಬೇಕು.

ಪ್ರತಿಯೊಬ್ಬರೂ ಹೀಗೆ ನಡೆಯುವುದಿಲ್ಲ. ಪುಸ್ತಕ ಜೋಡಿಸುವ 'ಟೆಕ್' ಎಂಬ ತಂತ್ರಾಂಶವನ್ನು ಬರೆದ ಡೊನಾಲ್ಡ್ ಕ್ನೂತ್ ಅದರ ಆವೃತ್ತಿಗೆ 3.14, 3.141 ಎಂದು ಪೈ ಬೆಲೆಯನ್ನೇ ಒಂದೊಂದು ಅಂಕಿಯಾಗಿ ಬೆಳೆಸುತ್ತ ಬಂದಿದ್ದಾರೆ. ತಮ್ಮ ಕಾಲಾನಂತರ ಅದು ಪೈ ಎಂದೇ ನಿಲ್ಲಬೇಕು, ಆಮೇಲೆ ಯಾರೂ ತಿದ್ದಬಾರದು ಎಂಬುದು ಅವರ ಇಚ್ಛೆ.

ಪ್ರೂಫು ತಿದ್ದುವವರಿಗೆ ಇಷ್ಟವಾಗುವ ಒಂದು ಚಿಹ್ನೆ ಡೆಬಿಯನ್ನಿನಲ್ಲಿದೆ. ಅಂಕುಡೊಂಕಾದ ಸಣ್ಣ ಗೆರೆ '~'. ಸಾಮಾನ್ಯವಾಗಿ ಸಂಖ್ಯೆಯ ಮುಂದೆ ಏನಾದರೂ ಸೇರಿಸಿದರೆ ಅದು ದೊಡ್ಡದಾಗುತ್ತದೆ. ಆದರೆ '1.0~ಪ್ರೂಫು' ಎಂಬಂಥದು 1.0ಕ್ಕಿಂತ ಚಿಕ್ಕದು. ಅಂದರೆ ಕರಡು ಎಷ್ಟೇ ಉದ್ದವಾಗಿದ್ದರೂ ಅಚ್ಚಿಗಿಂತ ಹಿಂದಿನದೇ. ನನ್ನ ಹತ್ತು ಪ್ರೂಫುಗಳಿಗೆ ಇಂಥ ಚಿಹ್ನೆಯೊಂದು ಇದ್ದಿದ್ದರೆ!

ವಿಕ್ರಮನ ಹೊಸ ಶಕೆ

ಕೆಲವೊಮ್ಮೆ ಎಣಿಕೆಯನ್ನೇ ಹೊಸದಾಗಿ ತೊಡಗುವ ಪ್ರಸಂಗ ಬರುತ್ತದೆ. ತಂತ್ರಾಂಶವೊಂದಕ್ಕೆ ಇಸವಿಯನ್ನೇ ಆವೃತ್ತಿಯಾಗಿ 2003, 2004 ಎಂದು ಹಾಕುತ್ತಿದ್ದವರು, ಒಂದು ದಿನ ಮನಸ್ಸು ಬದಲಾಯಿಸಿ 1.0 ಎಂದು ತೊಡಗಿದರೆನ್ನಿ. ಉಗ್ರಾಣಿಕನ ಪಾಲಿಗೆ 1.0 ತೀರ ಹಳೆಯದು. ಅವನು ಅದನ್ನು ಮುಟ್ಟುವುದೇ ಇಲ್ಲ. ಇದಕ್ಕಾಗಿ ಡೆಬಿಯನ್ನಿನವರೂ ಆರ್.ಪಿ.ಎಂ.ನವರೂ ಸಂಖ್ಯೆಯ ಮುಂದೆ 'ಎಪಕ್' ಎಂಬ ಇನ್ನೊಂದು ಅಂಕಿಯನ್ನು ಇಟ್ಟರು. '1:1.0' ಎಂದು ಬರೆದರೆ ಅದು ಹೊಸ ಶಕೆಯ 1.0, ಹಿಂದಿನ ಶಕೆಯ 2004ಕ್ಕಿಂತ ಈಚಿನದು. ಶಕೆ ಮೊದಲು, ಸಂಖ್ಯೆ ಆಮೇಲೆ.

ನಮ್ಮ ಕಲ್ಯಾಣದಲ್ಲಿ, ಎಂದರೆ ಬೀದರದ ಕಲ್ಯಾಣದಲ್ಲಿ, ಇದು ಒಂಬೈನೂರು ವರ್ಷಗಳಿಗೂ ಹಿಂದೆ ನಡೆದುಹೋಗಿದೆ. ಕ್ರಿ.ಶ. 1076ರಲ್ಲಿ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯನು ಶಕವರ್ಷವನ್ನು ಬದಿಗೊತ್ತಿ ಚಾಲುಕ್ಯ ವಿಕ್ರಮ ಶಕೆಯನ್ನು ತೊಡಗಿದನು. ಅವನ ಕಾಲದ ಶಾಸನಗಳಲ್ಲಿ ಈ ಹೊಸ ಎಣಿಕೆ ಧಾರಾಳವಾಗಿ ಕಾಣುತ್ತದೆ. ಈಗ ಎರಡು ಶಾಸನಗಳನ್ನು ಮುಂದಿಟ್ಟುಕೊಳ್ಳಿ. ಒಂದರಲ್ಲಿ ವರ್ಷ 990, ಇನ್ನೊಂದರಲ್ಲಿ ವರ್ಷ 10. ಬರಿಯ ಅಂಕಿಯನ್ನು ನೋಡಿದವನು ಎರಡನೆಯದೇ ಬಹಳ ಹಳೆಯದೆನ್ನುತ್ತಾನೆ. ಆದರೆ ಶಕವರ್ಷ 990 ಎಂದರೆ ಕ್ರಿ.ಶ. 1068, ಚಾಲುಕ್ಯ ವಿಕ್ರಮ ವರ್ಷ 10 ಎಂದರೆ ಕ್ರಿ.ಶ. 1085ರ ಸುಮಾರು. ಶಾಸನ ಓದುವವರು ಮೊದಲು ಶಕೆಯ ಹೆಸರನ್ನು ಹುಡುಕುವುದು ಈ ಕಾರಣಕ್ಕಾಗಿಯೇ. ಇಂದಿಗೂ ಭಾರತದ ರಾಜಪತ್ರದಲ್ಲಿ ಎರಡೆರಡು ತಾರೀಖುಗಳಿರುತ್ತವೆ. 1957ರ ಮಾರ್ಚ್ 22ರಂದು ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಂದಿನಿಂದ ಕ್ರಿಸ್ತವರ್ಷದ ಜತೆಗೆ ಶಕವರ್ಷ. ಕಚೇರಿಯಲ್ಲಿ ಅದನ್ನು ದಿನವೂ ಕಾಣುವ ನನಗೆ 'ಎಪಕ್' ಎಂಬುದು ವಿದೇಶೀ ಮಾತೆನಿಸಲಿಲ್ಲ.

ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತು

ಉಗ್ರಾಣಕ್ಕೆ ಹೋಗುವ ಚೀಟಿಯಲ್ಲಿ ಷರತ್ತುಗಳಿರುತ್ತವೆಂದೆ. '>=2.0, <3' ಎಂದರೆ ಎರಡು ಅಥವಾ ಮೇಲ್ಪಟ್ಟದ್ದು, ಆದರೆ ಮೂರನ್ನು ಮುಟ್ಟಕೂಡದು. '!=2.5' ಎಂದರೆ 2.5 ಒಂದು ಬೇಡ. ಪೈಥಾನಿನ '~=1.4.2' ಎಂದರೆ 1.4.2ಕ್ಕೆ ಕಡಿಮೆಯಿಲ್ಲದ, ಆದರೆ 1.4ರ ಮನೆತನವನ್ನು ಬಿಡದ ಆವೃತ್ತಿ. ಓದಲು ಕಠಿಣವೆನಿಸಿದರೂ ನಾವು ದಿನವೂ ಮಾಡುವ ಲೆಕ್ಕವೇ ಇದು.

ನಾನು ಡೊಂಬಿವಲಿಯಿಂದ ಠಾಣೆಗೆ ಬಂದು, 2004ರಲ್ಲಿ ತೆರೆದ ಟ್ರಾನ್ಸ್ ಹಾರ್ಬರ್ ಹಾದಿಯಲ್ಲಿ ಬೇಲಾಪುರಕ್ಕೆ ಹೋಗುವವನು. ನೆರೂಲ್ ಗಾಡಿ ಬಂದರೆ ಹತ್ತುವುದಿಲ್ಲ, ಅದು ಬೇಲಾಪುರಕ್ಕೆ ಮುಂಚೆಯೇ ನಿಲ್ಲುತ್ತದೆ. ಪನವೇಲ್ ಗಾಡಿ ಬಂದರೆ ಹತ್ತುತ್ತೇನೆ, ಅದು ಬೇಲಾಪುರವನ್ನು ದಾಟಿ ಹೋಗುವಂಥದು. ವಾಶಿ ಗಾಡಿ ಬಂದರೆ? ಅದು ಕವಲೊಡೆದು ಬೇರೆ ಕಡೆ ಹೋಗುತ್ತದೆ. ಮುಂದು ಹಿಂದು ಎಂಬ ಹೋಲಿಕೆಯೇ ಅಲ್ಲಿ ಸಲ್ಲದು. ಸಂಜೆ ಮುಂಬಯಿಯ ಕಡೆಯಿಂದ ಡೊಂಬಿವಲಿಗೆ ಬರುವವರಿಗೆ ಕಲ್ಯಾಣದ 'ಕೆ' ಆದರೂ ಆಯಿತು, ಕರ್ಜತಿನ 'ಎಸ್' ಆದರೂ ಆಯಿತು, ಕಸಾರೆಯ 'ಎನ್' ಆದರೂ ಆಯಿತು. ಠಾಣೆಯ 'ಟಿ' ಮಾತ್ರ ಸಾಲದು. ಆದರೆ ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ಸು ಡೊಂಬಿವಲಿಯನ್ನು ದಾಟಿಯೇ ಹೋದರೂ ಅಲ್ಲಿ ನಿಲ್ಲುವುದಿಲ್ಲ. ಅದು ನಮ್ಮ '!='. ಆ ಉದ್ಯಾನ್ ಗಾಡಿಯ ಹೆಸರು ಹಾಗೆಯೇ ಇದೆ, ಸಂಖ್ಯೆ ಮಾತ್ರ 6529 ಇದ್ದದ್ದು 16529 ಆಗಿ, ಈಗ 11301 ಆಗಿದೆ. ಹಳೆಯ ಸಂಖ್ಯೆ ಹಿಡಿದು ಟಿಕೇಟು ಕೇಳಿದವನಿಗೆ ಗಾಡಿ ಸಿಗದು.

ಬೇಲಾಪುರದ ಪಕ್ಕದ ಮನೆ

ನಾನು ದಿನವೂ ಇಳಿಯುವ ಸಿ.ಬಿ.ಡಿ. ಬೇಲಾಪುರಕ್ಕೂ ಈ ಚರಿತ್ರೆಗೂ ಸಂಬಂಧವಿದೆ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಒಡಲಿನಿಂದ ಹೊರಬಂದು 1985ರಲ್ಲಿ ಸ್ವತಂತ್ರವಾದ ರಾಷ್ಟ್ರೀಯ ತಂತ್ರಾಂಶ ಕೇಂದ್ರ, ಜುಹುವಿನಲ್ಲಿ ತೊಡಗಿ ಬೇಲಾಪುರಕ್ಕೂ ಹಬ್ಬಿತು. 1989ರಲ್ಲಿ ಭಾರತಕ್ಕೆ ಸಿಕ್ಕ '.ಇನ್' ಎಂಬ ಜಾಲನಾಮದ ವಹಿಯನ್ನು ಬಹುಕಾಲ ನೋಡಿಕೊಂಡದ್ದು ಈ ಕೇಂದ್ರವೇ. 2005ರಲ್ಲಿ ಆ ಹೊಣೆ ನಿಕ್ಸಿ ಎಂಬ ಸಂಸ್ಥೆಗೆ ಹೋಯಿತು. ಯಾರಿಗೆ ಯಾವ ಹೆಸರು ಸಲ್ಲಬೇಕೆಂಬ ನ್ಯಾಯವನ್ನು ಇಡೀ ದೇಶಕ್ಕಾಗಿ ನಮ್ಮ ನೆರೆಹೊರೆಯಲ್ಲಿ ಕುಳಿತವರು ನಡೆಸಿದ್ದರು. ಆ ಹೊಣೆ ನಿಕ್ಸಿಗೆ ಹೋಗುವ ಮೊದಲೇ ಆ ಕೇಂದ್ರ ಸಿ-ಡ್ಯಾಕ್‌ನಲ್ಲಿ ಸೇರಿಹೋಗಿತ್ತು. ಡೆಬಿಯನ್ನಿನ ತಳಹದಿಯ ಮೇಲೆ ಕಟ್ಟಿದ, ಕನ್ನಡವನ್ನೂ ಬಲ್ಲ 'ಬಾಸ್' ಎಂಬ ಭಾರತೀಯ ಲಿನಕ್ಸನ್ನು 2007ರಲ್ಲಿ ಹೊರತಂದದ್ದು ಇದೇ ಸಿ-ಡ್ಯಾಕ್.

ಡೆಬಿಯನ್ನಿನ ಉಗ್ರಾಣದಲ್ಲಿ ಇಂದು ಗುಬ್ಬಿಯೂ ಇದೆ, ನವಿಲೂ ಇದೆ. ಎರಡೂ ಕನ್ನಡದ ಅಕ್ಷರವಿನ್ಯಾಸಗಳು. ಕನ್ನಡ ಬರೆಯುವ ಈ ಹಕ್ಕಿಗಳ ಹೆಸರನ್ನು ಮಾತ್ರ ಉಗ್ರಾಣದ ನಿಯಮದಂತೆ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು. ನಮ್ಮ ಲಿಪಿಗೂ ಆವೃತ್ತಿಗಳಿವೆ ಎಂದರೆ ಆಶ್ಚರ್ಯವಾದೀತು. 1991ರ ಯೂನಿಕೋಡ್ 1.0ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅವಗ್ರಹ ಸೇರಿದ್ದು 2003ರ 4.0ರಲ್ಲಿ. ಹಳೆಯ ಬರಹಗಳ ನಕಾರ ಪೊಲ್ಲು ಸೇರಿದ್ದು 2021ರ 14.0ರಲ್ಲಿ. ಅದಕ್ಕಿಂತ ಹಳೆಯ ವ್ಯವಸ್ಥೆಯಲ್ಲಿ ಆ ಅಕ್ಷರದ ಜಾಗದಲ್ಲಿ ಬರಿಯ ಚೌಕ ಕಾಣುತ್ತದೆ. ಒಂದು ಕಾಲಕ್ಕೆ ಒಂದು ತಂತ್ರಾಂಶದ ಒಂದು ಆವೃತ್ತಿಯಲ್ಲಿ ಜೋಡಿಸಿದ ಸಂಘಗಳ ಸ್ಮರಣಸಂಚಿಕೆಗಳು ಇನ್ನೊಂದರಲ್ಲಿ ತೆರೆಯದೆ ಅಕ್ಷರಗಳ ಕಸವಾಗಿ ಕಾಣುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೀರಿ. ಯಾವ ತಂತ್ರಾಂಶ, ಯಾವ ಆವೃತ್ತಿ ಎಂದು ಒಂದು ಸಾಲು ಬರೆದಿಟ್ಟಿದ್ದರೆ ಅವುಗಳಲ್ಲಿ ಎಷ್ಟನ್ನೋ ಉಳಿಸಿಕೊಳ್ಳಬಹುದಿತ್ತು.

ಇಷ್ಟು ಓದಿದ ಮೇಲೆ ನಾನು ಕಲಿತದ್ದು ಬಹಳ ಸಣ್ಣ ಪಾಠ. ಸಂಘಗಳಲ್ಲಿ ದುಡಿಯುವ ಕಿರಿಯರಿಗೆ ಅದನ್ನು ಒಪ್ಪಿಸುತ್ತಿದ್ದೇನೆ. ಕಡತಗಳಿಗೆ 1, 2 ಎಂದು ಬರೆಯದೆ 01, 02 ಎಂದು ಬರೆಯಿರಿ. ತಾರೀಖು ಹಾಕುವುದಾದರೆ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಇರಲಿ. ಆಗ ಅಕ್ಷರದ ಕ್ರಮವೂ ಕಾಲದ ಕ್ರಮವೂ ಒಂದೇ ಆಗುತ್ತದೆ. ಮತ್ತು ಹಿರಿಯರ ಹೆಸರನ್ನು ಬರೆಯುವ ಮೊದಲು ಮನೆಯವರನ್ನು ಕೇಳಿ: ಇದರಲ್ಲಿ ಊರು ಯಾವುದು, ತಂದೆ ಯಾರು, ಅವರು ಯಾರು ಎಂದು. ಆ ನಿಯಮವನ್ನು ಬಲ್ಲವರು ಒಬ್ಬೊಬ್ಬರಾಗಿ ನಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ. ಅವರು ಹೋದ ಮೇಲೆ ಉಳಿಯುವುದು ಬಿಡಿಸಲಾಗದ ಅಕ್ಷರಗಳ ಸಾಲು ಮಾತ್ರ.

ಮರುತಿಂಗಳು ಆ ಸಂಘದವರು ತಿದ್ದುಪಡಿಯನ್ನು ಚೌಕಟ್ಟಿನಲ್ಲಿ ಅಚ್ಚುಹಾಕಿದರು. ಪ್ರತಿಯನ್ನು ನಾನೇ ಆ ತಾಯಿಯ ಮನೆಗೆ ಒಯ್ದೆ. ಅವರು ಕನ್ನಡಕ ಹಾಕಿಕೊಂಡು, ತಮ್ಮ ಗಂಡನ ಹೆಸರಿನ ಮೇಲೆ ಬೆರಳಿಟ್ಟು, ಬಾಯಿಂದ ಹೇಳದೆ, ಅಕ್ಷರ ಅಕ್ಷರವಾಗಿ ಓದಿಕೊಂಡರು. "ಈಗ ಸರಿ ಬಂತು" ಎಂದು ಪ್ರತಿಯನ್ನು ದೇವರ ಮುಂದೆ ಇಟ್ಟು, ಚಹಾ ಮಾಡಲು ಎದ್ದರು.